ಚಂದ್ರನಿಗೆ ಬೆರಳು ತೋರಿಸಿದ್ದು

ಚರ್ಚಾಸ್ಪರ್ಧೆಗೆ ತಯಾರು ಮಾಡುವ ಮೇಷ್ಟ್ರುಗಳು ವಾದದಲ್ಲಿ ಗೆಲ್ಲುವುದು ಹೇಗೆಂದು ಹೇಳಿಕೊಡುತ್ತಾರೆಯೇ ಹೊರತು, ಗೆದ್ದು ಮನೆಗೆ ಬಂದ ಮೇಲೆ ಏನು ಮಾಡಬೇಕೆಂದು ಹೇಳಿಕೊಡುವುದಿಲ್ಲ. ಇದು ದೂರಲ್ಲ, ತಪ್ಪೊಪ್ಪಿಗೆ. ಮೈಸೂರಿನಲ್ಲಿ ಓದುತ್ತಿದ್ದಾಗ ನಾನು ಬೆಳಿಗ್ಗೆ ಒಂದು ಕಾಲೇಜಿನಲ್ಲಿ ವಿಜ್ಞಾನ ವರವೆಂದು ಸಾಧಿಸಿ ಒಂದು ಸ್ಟೀಲ್ ಲೋಟ, ಅದೇ ಮಧ್ಯಾಹ್ನ ಇನ್ನೊಂದು ಕಾಲೇಜಿನಲ್ಲಿ ವಿಜ್ಞಾನ ಶಾಪವೆಂದು ಸಾಧಿಸಿ ಇನ್ನೊಂದು ಸ್ಟೀಲ್ ಲೋಟ ಗೆದ್ದು ತಂದವಳು. ಅಮ್ಮ ಪಕ್ಷಪಾತವಿಲ್ಲದೆ ಎರಡರಲ್ಲೂ ಮಜ್ಜಿಗೆ ಕೊಡುತ್ತಿದ್ದಳು. ಎದುರಿನವರು ಬಾಯಿ ತೆರೆದ ಕೂಡಲೇ ಅವರ ಮಾತಿನ ಹೊಲಿಗೆ ಎಲ್ಲಿ ಸಡಿಲವಾಗಿದೆಯೆಂದು ಹುಡುಕುವುದು ನನಗೆ ಉಸಿರಾಟದಷ್ಟು ಸಲೀಸಾಗಿಬಿಟ್ಟಿತ್ತು. ನನ್ನ ಗಂಡ ರಘು ಮದುವೆಯಾದ ಹೊಸತರಲ್ಲಿ ಒಂದೆರಡು ಸಲ ಜಗಳವಾಡಿ ನೋಡಿ, "ನಿನ್ ಹತ್ರ ಜಗಳ ಆಡ್ಬೇಕಾದ್ರೆ ನೋಟ್ಸ್ ಮಾಡ್ಕೊಂಡ್ ಬರ್ಬೇಕು ಕಣೇ" ಎಂದು ಕೈಬಿಟ್ಟಿದ್ದ. ಅದನ್ನು ಹೊಗಳಿಕೆಯೆಂದೇ ತಿಳಿದು ಮೂರು ವರ್ಷ ಸುಖವಾಗಿದ್ದೆ. ಅಂಥವಳಿಗೆ ಎದುರಾದವರು ಎಪ್ಪತ್ತು ದಾಟಿದ, ನನ್ನ ಭುಜದೆತ್ತರವೂ ಇಲ್ಲದ ಮಿಸೆಸ್ ಲೌ.

ಮಿಸೆಸ್ ಲೌ ನಮ್ಮ ಮಗಳು ಚಿನ್ನುವಿನ ಬೇಬಿ ಸಿಟರ್. ಎಂಬತ್ತರ ದಶಕ ಮುಗಿಯುತ್ತಿದ್ದ ದಿನಗಳವು. ಮ್ಯಾನ್‌ಹಟನ್ನಿಗೆ ನದಿಯ ಈಚೆ ದಡವಾದ ಫೋರ್ಟ್ ಲೀಯಲ್ಲಿ, ಸೇತುವೆಯ ಮಗ್ಗುಲಿಗೇ ನಿಂತಿದ್ದ ಎತ್ತರದ ಕಟ್ಟಡವೊಂದರಲ್ಲಿ ನಾವು ಹದಿನಾಲ್ಕನೆಯ ಮಹಡಿ, ಅವರು ಒಂಬತ್ತನೆಯದು. ಹದಿನಾಲ್ಕು ಎಂದರೆ ಲಿಫ್ಟಿನ ಲೆಕ್ಕ. ಹದಿಮೂರು ಅಪಶಕುನವೆಂದು ಕಟ್ಟಿದವರು ಹನ್ನೆರಡಾದ ಮೇಲೆ ನೇರ ಹದಿನಾಲ್ಕಕ್ಕೆ ನೆಗೆದಿದ್ದರು. ಕಿಟಕಿಗಳನ್ನು ಎಣಿಸಿ ನಾವಿರುವುದು ಹದಿಮೂರರಲ್ಲೇ ಎಂದು ನಾನು ಮ್ಯಾನೇಜರಿಗೆ ರುಜುವಾತು ಮಾಡಿದ್ದೆ. ಅವನು "ಯೆಸ್ ಮೇಡಂ" ಎಂದು ಹೇಳಿ ಫೋನ್ ಎತ್ತಿಕೊಂಡಿದ್ದ, ಅದು ರಿಂಗೇ ಆಗಿರಲಿಲ್ಲ. ನನಗೆ ಮ್ಯಾನ್‌ಹಟನ್ನಿನ ಬ್ಯಾಂಕೊಂದರ ಕಂಪ್ಯೂಟರ್ ವಿಭಾಗದಲ್ಲಿ ಹೊಸದಾಗಿ ಕೆಲಸ ಸಿಕ್ಕಿತ್ತು. ಆರು ತಿಂಗಳು ಪ್ರೊಬೇಷನ್. ಅದರಲ್ಲಿ ಎರಡು ಮಾತ್ರ ಮುಗಿದಿದ್ದವು. ಒಂದೂವರೆ ವರ್ಷದ ಮಗುವನ್ನು ಯಾರ ಕೈಗೆ ಕೊಡುವುದೆಂದು ನಾವು ಹುಡುಕದ ಜಾಗವಿಲ್ಲ. ಡೇ ಕೇರ್‌ನವರು ವೆಯಿಟಿಂಗ್ ಲಿಸ್ಟಿನಲ್ಲಿ ಹೆಸರು ಬರೆದುಕೊಂಡು, ಮಗು ಶಾಲೆಗೆ ಹೋಗುವ ಹೊತ್ತಿಗೆ ಜಾಗ ಸಿಗಬಹುದೆಂಬಂತೆ ನಕ್ಕಿದ್ದರು. ಮೊದಲು ಸಿಕ್ಕ ಹುಡುಗಿ ಚಿನ್ನುವನ್ನು ಟಿ.ವಿ. ಮುಂದೆ ಕೂರಿಸಿ ತಾನು ಉಗುರಿಗೆ ಬಣ್ಣ ಹಚ್ಚುತ್ತಿದ್ದಳು. ಕೊನೆಗೆ ಲಿಫ್ಟಿನಲ್ಲಿ ಸಿಕ್ಕಿದ ಈ ಮುದುಕಿಯ ಹೆಗಲಿಗೆ ಚಿನ್ನು ತಾನಾಗಿಯೇ ಜಿಗಿದಿದ್ದಳು. ಅಂದಿನಿಂದ ಅವರು ಅವಳಿಗೆ 'ಪೋಪೋ', ಎಂದರೆ ಅವರ ಭಾಷೆಯಲ್ಲಿ ಅಜ್ಜಿ. ಬೆಳಿಗ್ಗೆ ಏಳೂಕಾಲಿಗೆ ಒಂಬತ್ತನೆಯ ಮಹಡಿಯಲ್ಲಿ ಮಗುವನ್ನು ಇಳಿಸಿ ನಾನು ಸೇತುವೆ ದಾಟುವ ಬಸ್ಸು ಹತ್ತಿದರೆ, ಆ ಬಸ್ಸೂ ನನ್ನ ಉದ್ಯೋಗವೂ ಆ ಮುದುಕಿಯ ಆಧಾರದ ಮೇಲೆಯೇ ಓಡುತ್ತಿದ್ದವು ಎನ್ನಬೇಕು.

ಒಂದು ಮಂಗಳವಾರ ಸಂಜೆ ನಾನು ಚಿನ್ನುವನ್ನು ಅಡುಗೆಮನೆಯ ಕಿಟಕಿಯ ಬಳಿ ಎತ್ತಿಕೊಂಡು ಮೊಸರನ್ನ ತಿನ್ನಿಸುತ್ತಿದ್ದೆ. ಹಡ್ಸನ್ ನದಿಯಾಚೆ, ಮ್ಯಾನ್‌ಹಟನ್ನಿನ ತಲೆಯ ಮೇಲೆ, ಹುಣ್ಣಿಮೆಗೆ ಇನ್ನು ನಾಲ್ಕು ದಿನ ಬಾಕಿಯಿದ್ದ ಚಂದ್ರ ಬಂದಿದ್ದ. ನಮ್ಮ ಕಡೆ ಮಗುವಿಗೆ ಹೇಗೆ ಉಣ್ಣಿಸುತ್ತಾರೆಂದು ನಿಮಗೆ ಹೇಳಬೇಕಾಗಿಲ್ಲ. "ಅಲ್ನೋಡು ಚಂದಮಾಮ! ಎಲ್ಲಿ ಚಂದಮಾಮ? ತೋರ್ಸು!" ಎಂದು ನಾನು ಬೆರಳು ನೀಡುವುದು, ಅವಳು ತನ್ನ ಪುಟ್ಟ ಬೆರಳು ನೀಡಿ ಬಾಯಿ ತೆರೆಯುವುದು, ಆ ಬಾಯಿಗೆ ತುತ್ತು ತುರುಕುವುದು. ದೇವರು ದಿಂಡಿರು ಒಂದನ್ನೂ ಒಪ್ಪದ ನಾನು ಚಂದಮಾಮನನ್ನು ಮಾತ್ರ ಕೆಲಸಕ್ಕೆ ಇಟ್ಟುಕೊಂಡಿದ್ದೆ. ಹೀಗೆ ನಾವಿಬ್ಬರೂ ಬೆರಳು ಚಾಚಿ ನಿಂತಿದ್ದಾಗಲೇ, ರಘು ತೆಗೆದ ಬಾಗಿಲಿನಿಂದ ಮಿಸೆಸ್ ಲೌ ಒಳಗೆ ಬಂದರು. ಕೈಯಲ್ಲಿ ಕೆಂಪು ಬಣ್ಣದ ಚೌಕ ಡಬ್ಬಿ. ಕಿಟಕಿಯತ್ತ ನೋಡಿದವರೇ ಡಬ್ಬಿಯನ್ನು ರಘುವಿನ ಎದೆಗೆ ಒತ್ತಿ, ಆ ವಯಸ್ಸಿಗೆ ನಂಬಲಾಗದ ವೇಗದಲ್ಲಿ ಬಂದು ಮಗುವಿನ ಬೆರಳನ್ನು ಮುಷ್ಟಿಯಲ್ಲಿ ಮುಚ್ಚಿದರು.

"ನೋ, ನೋ, ನೋ! ಚಂದ್ರನಿಗೆ ಬೆರಳು ನೋ! ಚಂದ್ರ ರಾತ್ರಿ ಬರ್ತಾಳೆ, ಕಿವಿ ಕಟ್!" ತಮ್ಮ ಕಿವಿಯ ಹಿಂದೆ ಕೈಯನ್ನು ಚಾಕುವಿನಂತೆ ಆಡಿಸಿ ತೋರಿಸಿದರು. ಅವರ ಇಂಗ್ಲಿಷಿನಲ್ಲಿ ಕ್ರಿಯಾಪದಗಳು ಕಡಿಮೆ, ಇದ್ದವಕ್ಕೂ ಮೊನಚು ಜಾಸ್ತಿ. ಚೀನಾಟೌನಿನ ಹೊಲಿಗೆ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ದುಡಿದು ಕಲಿತದ್ದು. ನಾನು ಅದನ್ನು ಆದಷ್ಟು ಹಾಗೇ ಇಲ್ಲಿ ತಂದಿದ್ದೇನೆ.

ಈಗ ನಾನು "ಹೌದಾ, ಗೊತ್ತಿರಲಿಲ್ಲ" ಎಂದಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ. ನಾನು ಅನ್ನಲಿಲ್ಲ. ಭಾರತದಲ್ಲಿ ಕೋಟಿಗಟ್ಟಲೆ ಮಕ್ಕಳು ಚಂದ್ರನಿಗೆ ಬೆರಳು ತೋರಿಸಿಯೇ ಊಟ ಮಾಡುತ್ತವೆ, ಅವಕ್ಕೆಲ್ಲ ಎರಡೆರಡು ಕಿವಿ ಇವೆ ಎಂದೆ. ಚಂದ್ರನಲ್ಲಿ ಮನುಷ್ಯರು ಕಾಲಿಟ್ಟೇ ಬಂದಿದ್ದಾರೆ, ಅವರ ಕಿವಿಗಳೂ ಸುರಕ್ಷಿತವಾಗಿವೆ ಎಂದೆ. "ಅವರು ಕಾಲು ಇಟ್ಟರು, ಬೆರಳು ತೋರಿಸಿಲ್ಲ" ಎಂದರು ಮಿಸೆಸ್ ಲೌ. ರಘು ಡಬ್ಬಿಯ ಹಿಂದೆ ಮುಖ ಮರೆಸಿಕೊಂಡ.

ವಿಷಯ ಬದಲಾಯಿಸಲು ಅವನು ಡಬ್ಬಿ ತೆರೆದು ಇದೇನೆಂದು ಕೇಳಿದ. ಅದು ಅವರ ಶರತ್ಕಾಲದ ಹಬ್ಬದ ತಿಂಡಿ, ಮೂನ್ ಕೇಕ್. ಕೆತ್ತಿದ ಅಚ್ಚಿನಿಂದ ತೆಗೆದ ಕಂದು ಬಣ್ಣದ ದಪ್ಪ ಬಿಲ್ಲೆಗಳು. ಶನಿವಾರ ಅವರ ಎಂಟನೆಯ ತಿಂಗಳ ಹುಣ್ಣಿಮೆ, ವರ್ಷದಲ್ಲೇ ಅತಿ ದುಂಡನೆಯ ಚಂದ್ರ. ಅಂದು ಮನೆಮಂದಿಯೆಲ್ಲ ಸೇರಿ ಚಂದ್ರನನ್ನು ನೋಡುತ್ತ ಇದನ್ನು ಹಂಚಿಕೊಂಡು ತಿನ್ನುತ್ತಾರಂತೆ. ಮಿಸೆಸ್ ಲೌ ಕುರ್ಚಿಯ ತುದಿಯಲ್ಲಿ ಕುಳಿತು, ಚಿನ್ನುವಿನ ಬೆರಳನ್ನು ಇನ್ನೂ ಬಿಡದೆ, ಹಬ್ಬದ ಹುಟ್ಟನ್ನು ಹೇಳಿದರು. ಹಿಂದೆ ಆಕಾಶದಲ್ಲಿ ಹತ್ತು ಸೂರ್ಯರು ಹುಟ್ಟಿ ಭೂಮಿ ಹೊತ್ತಿ ಉರಿಯುತ್ತಿತ್ತು; ಒಬ್ಬ ಬಿಲ್ಲುಗಾರ ಒಂಬತ್ತನ್ನು ಹೊಡೆದು ಕೆಡವಿದ. ಅದಕ್ಕೆ ಬಹುಮಾನವಾಗಿ ಅವನಿಗೆ ಅಮೃತ ಸಿಕ್ಕಿತು. ಅವನಿಲ್ಲದಾಗ ಕಳ್ಳ ನುಗ್ಗಿದ್ದರಿಂದ ಹೆಂಡತಿ ಅಷ್ಟನ್ನೂ ತಾನೇ ಕುಡಿದು, ಹಗುರಾಗಿ, ಚಂದ್ರನವರೆಗೆ ತೇಲಿಹೋದಳು. ಅಲ್ಲಿ ಅವಳ ಜೊತೆಗಿರುವುದು ಒಂದು ಮೊಲ ಮಾತ್ರ, ಅದು ಸದಾ ಕುಟ್ಟಾಣಿಯಲ್ಲಿ ಔಷಧಿ ಕುಟ್ಟುತ್ತಿರುತ್ತದೆ. ಮೊಲದ ಹೆಸರು ಕೇಳಿ ರಘು ಉತ್ಸಾಹದಿಂದ "ನಮ್ಮ ಚಂದ್ರನಲ್ಲೂ ಮೊಲ ಇದೆ ಆಂಟಿ" ಎಂದ. ಮಿಸೆಸ್ ಲೌ ಅವನನ್ನು ಮೆಚ್ಚಿ ನೋಡಿದರು. ನನಗೆ ಮಾತ್ರ, ಹತ್ತು ಸೂರ್ಯರಿದ್ದಾಗ ಹೆಂಡತಿ ಕುದಿಯದೆ ಉಳಿದದ್ದು ಹೇಗೆ ಎಂಬ ಪ್ರಶ್ನೆ ಬಂತು. ಕೇಳಿಯೂ ಬಿಟ್ಟೆ.

ಅವರು ಬೇಸರಿಸದೆ ಇನ್ನೊಂದು ಕಥೆ ತೆಗೆದರು. ಮಂಗೋಲರು ಚೀನಾವನ್ನು ಆಳುತ್ತಿದ್ದಾಗ ದಂಗೆಯ ದಿನವನ್ನು ಚೀಟಿಯಲ್ಲಿ ಬರೆದು ಇದೇ ಕೇಕಿನೊಳಗೆ ಅಡಗಿಸಿ ಮನೆಮನೆಗೆ ಹಂಚಿದರಂತೆ. ನಾನು ಕೇಳಿದೆ: ಚೀಟಿ ಬೇಯುವಾಗ ಸುಡಲಿಲ್ಲವೆ? ಅಷ್ಟು ಕೇಕು ಓಡಾಡುತ್ತಿದ್ದಾಗ ಒಬ್ಬ ಮಂಗೋಲನಾದರೂ ಒಂದನ್ನು ಕಚ್ಚಿ ನೋಡಲಿಲ್ಲವೆ?

"ಮಂಗೋಲರು ಇದನ್ನ ತಿನ್ನಲ್ಲ."

"ಯಾಕೆ ತಿನ್ನಲ್ಲ?"

ಅವರು ಒಂದು ಕೇಕನ್ನು ಎಂಟು ಹೋಳು ಮಾಡಿ ನನ್ನ ಮುಂದೆ ತಳ್ಳಿದರು. ಒಳಗೆ ತಾವರೆ ಬೀಜದ ಹೂರಣ, ನಡುವೆ ಚಂದ್ರನ ಜಾಗದಲ್ಲಿ ಉಪ್ಪು ಹಾಕಿದ ಬಾತುಕೋಳಿ ಮೊಟ್ಟೆಯ ಹಳದಿ. ಹೂರಣ ಹೊಳೆಯುತ್ತಿತ್ತು. ಯಾವ ಎಣ್ಣೆ ಎಂದು ಕೇಳಿದೆ. ಹಂದಿಯ ಕೊಬ್ಬು ಎಂದರು. ನಾನು ತಟ್ಟೆಯನ್ನು ಎರಡಂಗುಲ ಹಿಂದಕ್ಕೆ ಸರಿಸಿ, ನಾವು ಇದನ್ನೆಲ್ಲ ತಿನ್ನುವುದಿಲ್ಲ ಎಂದೆ.

"ಯಾರು ಬೇಡ ಅಂದಿದ್ದು? ದೇವರು?"

"ದೇವರಿಲ್ಲ."

"ದೇವರಿಲ್ಲ. ಹಾಗಾದರೆ ತಿನ್ನು."

ಎಷ್ಟೋ ತೀರ್ಪುಗಾರರ ಮುಂದೆ ನಿಂತಿದ್ದೇನೆ, ಇಷ್ಟು ಚಿಕ್ಕ ವಾದಕ್ಕೆ ಹೀಗೆ ತಡಕಾಡಿದ್ದಿಲ್ಲ. ಅಭ್ಯಾಸ, ಸಂಸ್ಕೃತಿ, ಕೊಲೆಸ್ಟರಾಲ್ ಎಂದು ಏನೇನೋ ಹೇಳಿದೆ. ಮಿಸೆಸ್ ಲೌ ತಾಳ್ಮೆಯಿಂದ ಕೇಳಿಸಿಕೊಂಡು, "ಮಂಗೋಲರೂ ಹೀಗೇ" ಎಂದು ಎದ್ದು ಹೋದರು.

ಗುರುವಾರ ಬೆಳಿಗ್ಗೆ ಹತ್ತೂವರೆಗೆ ನನ್ನ ಮೇಜಿನ ಫೋನು ರಿಂಗಾಯಿತು. ಆಚೆಯಿಂದ ಮಿಸೆಸ್ ಲೌ, ಪೀಠಿಕೆಯಿಲ್ಲದೆ: "ಬೇಬಿ. ಕಿವಿ. ಕಟ್." ನಂತರ ನಾನು ಮೇಲಧಿಕಾರಿಗೆ ಏನು ಹೇಳಿದೆ, ಕೋಟು ಹಾಕಿಕೊಂಡೆನೋ ಇಲ್ಲವೋ ನೆನಪಿಲ್ಲ. ಸಬ್‌ವೇಯಲ್ಲಿ ಕುಳಿತಾಗ ಎದುರಿನ ಸೀಟಿನವರ ಕಿವಿಗಳನ್ನೆಲ್ಲ ನೋಡುತ್ತಿದ್ದೆ. ಬುದ್ಧಿ "ಇದು ಕಾಕತಾಳೀಯ" ಎನ್ನುತ್ತಿತ್ತು. ಕೈ ಮಾತ್ರ ನನ್ನ ಕಿವಿಯನ್ನೇ ಮುಟ್ಟಿ ನೋಡುತ್ತಿತ್ತು. ಓಡಿಬಂದು ನೋಡಿದರೆ ಚಿನ್ನು ನಗುತ್ತ ಅಕ್ಕಿಗಂಜಿ ತಿನ್ನುತ್ತಿದ್ದಾಳೆ. ಬಲಗಿವಿಯ ಹಿಂದೆ, ಕಿವಿ ತಲೆಗೆ ಅಂಟುವ ಸಂದಿನಲ್ಲಿ, ಬ್ಲೇಡಿನಿಂದ ಗೀರಿದಂತೆ ಕೆಂಪು ಸೀಳು. ಮಿಸೆಸ್ ಲೌ ಅದನ್ನು ಮುಟ್ಟದೆ, ದೂರದಿಂದಲೇ, ಕೈಯನ್ನು ಚಾಕುವಿನಂತೆ ಆಡಿಸಿ ತೋರಿಸಿದರು.

ಮಕ್ಕಳ ಡಾಕ್ಟರು ಅರ್ಧ ನಿಮಿಷದಲ್ಲಿ ವಿಷಯ ಮುಗಿಸಿದರು. ಹಾಲು, ಜೊಲ್ಲು, ಬೆವರು ಇಳಿದು ಆ ಸಂದಿನಲ್ಲಿ ಒದ್ದೆ ನಿಂತರೆ ಚರ್ಮ ಒಡೆಯುತ್ತದೆ, ಎಷ್ಟೋ ಮಕ್ಕಳಿಗೆ ಆಗುತ್ತದೆ, ಈ ಮುಲಾಮು ಹಚ್ಚಿ. ನನಗೆ ಹೋದ ಜೀವ ಬಂತು. ಬಂದ ಜೀವ ಸುಮ್ಮನಿರಬೇಕಲ್ಲ? ಅಷ್ಟನ್ನೂ ಒಂದು ಕಾಗದದಲ್ಲಿ ಬರೆದುಕೊಡಿ ಎಂದು ಕೇಳಿದೆ. ಡಾಕ್ಟರು "ಆಫೀಸಿಗಾ?" ಎಂದರು. "ಇಲ್ಲ, ಬೇಬಿ ಸಿಟರ್‌ಗೆ" ಎಂದೆ. ಅವರು ನನ್ನನ್ನೊಮ್ಮೆ ನೋಡಿ ಬರೆದುಕೊಟ್ಟರು.

ಒಂಬತ್ತನೆಯ ಮಹಡಿಗೆ ನಾನು ಆ ಕಾಗದವನ್ನು ಹಿಡಿದು ಹೋದ ಠೀವಿಯನ್ನು ನೆನೆಸಿಕೊಂಡರೆ ಈಗಲೂ ಮೈ ಮುದುಡುತ್ತದೆ. ಓದಿ ಹೇಳಿದೆ. ಎರಡು ಸಲ ಹೇಳಿದೆ. ಮಿಸೆಸ್ ಲೌ ಕಾಗದವನ್ನು ಗೌರವದಿಂದ ಎರಡೂ ಕೈಯಲ್ಲಿ ಹಿಡಿದು ನೋಡಿದರು.

"ಡಾಕ್ಟರ್ ಗುಡ್. ಡಾಕ್ಟರ್ ಗಾಯ ನೋಡಿದ್ರು. ಡಾಕ್ಟರ್ ಚಂದ್ರನ್ನ ನೋಡಿಲ್ಲ."

"ಚಂದ್ರನಿಗೂ ಇದಕ್ಕೂ ಸಂಬಂಧವೇ ಇಲ್ಲ. ಬೆರಳು ತೋರಿಸಿದ್ದು ನಾನೂ ಹೌದಲ್ಲ? ನನ್ನ ಕಿವಿ ಯಾಕೆ ಕಟ್ ಆಗಿಲ್ಲ?"

ಅವರು ನನ್ನ ಕಿವಿಗಳನ್ನು ಒಂದೊಂದಾಗಿ ನೋಡಿದರು. "ಓಕೆ" ಎಂದರು. "ನೀನು ಗೆದ್ದೆ. ಸೋಮವಾರದಿಂದ ಬೇಬಿ ಬೇಡ."

ಬಾಗಿಲು ಮೆಲ್ಲಗೆ ಮುಚ್ಚಿತು. ಅವರು ಅದನ್ನು ದಡಾರೆಂದು ಬಡಿದಿದ್ದರೆ ನನಗೆ ಎಷ್ಟೋ ವಾಸಿಯಾಗಿತ್ತು.

ಆ ರಾತ್ರಿಯೂ ಮರುದಿನವೂ ನಾನು ಪಟ್ಟ ಪಾಡನ್ನು ಏನು ಹೇಳಲಿ. ಶುಕ್ರವಾರ ಮಾತ್ರ ಮಧ್ಯೆ ಉಳಿದಿತ್ತು. ಅಂದು ಮಿಸೆಸ್ ಲೌ ಬಾಗಿಲಿನ ಸಂದಿನಿಂದಲೇ ಮಗುವನ್ನು ತೆಗೆದುಕೊಂಡರು. ಬ್ಯಾಂಕಿನಲ್ಲಿ ಕೂತು ಪ್ರೋಗ್ರಾಮಿನ ಬದಲು ಸೋಮವಾರವನ್ನೇ ನೋಡುತ್ತಿದ್ದೆ. ಪ್ರೊಬೇಷನ್ನಿನಲ್ಲಿ ಒಂದು ದಿನ ಈಗಾಗಲೇ ಅರ್ಧಕ್ಕೆ ಎದ್ದು ಓಡಿದ್ದಾಗಿತ್ತು; ಇನ್ನೊಂದು ಸಲ ಹಾಗಾದರೆ ಬ್ಯಾಂಕಿನವರು ನನ್ನನ್ನು ಇಟ್ಟುಕೊಳ್ಳುವ ಅಗತ್ಯವಿರಲಿಲ್ಲ. ಡೇ ಕೇರ್‌ಗೆ ಫೋನ್ ಮಾಡಿದರೆ ನಮ್ಮ ಹೆಸರು ಎರಡು ಸ್ಥಾನ ಕೆಳಗಿಳಿದಿತ್ತು, ಹೇಗೆಂದು ಅವರಿಗೂ ಗೊತ್ತಿರಲಿಲ್ಲ. ಪ್ಲೇನ್ಸ್‌ಬರೋದ ಸರೋಜಾ ಆಂಟಿಗೆ ಫೋನ್ ಮಾಡಿದೆ. ಅವರ ಮನೆಯಲ್ಲೇ ಹತ್ತು ದಿನದ ಹಿಂದೆ ಗಣೇಶನ ಹಬ್ಬಕ್ಕೆ ನಾವೆಲ್ಲ ಸೇರಿದ್ದು. ಚೌತಿಯ ಚಂದ್ರ ಕಣ್ಣಿಗೆ ಬಿದ್ದಾನೆಂದು ಅವರು ಕರ್ಟನ್ ಎಳೆಯುತ್ತಿದ್ದರೆ, ನಾನು ಬೇಕೆಂದೇ ಪಾರ್ಕಿಂಗ್ ಲಾಟಿಗೆ ಹೋಗಿ ತಲೆಯೆತ್ತಿ ನೋಡಿ ಬಂದು, "ನೋಡಿದೆ, ಈಗ ಅಪವಾದ ಬರ್ಲಿ" ಎಂದು ಘೋಷಿಸಿದ್ದೆ. ಆಂಟಿ ಎಲ್ಲವನ್ನೂ ಕೇಳಿಸಿಕೊಂಡು ಹೇಳಿದರು: "ನೋಡು ಪುಟ್ಟಾ, ನಮ್ ಚಂದ್ರ ನೋಡ್ಬೇಡ ಅಂದಾಗ ನೋಡ್ದೆ, ಅವ್ರ್ ಚಂದ್ರಂಗೆ ತೋರಿಸ್ಬೇಡ ಅಂದಾಗ ತೋರಿಸ್ದೆ. ಒಬ್ನೇ ಚಂದ್ರ ಕಣಮ್ಮ, ಎಷ್ಟೂಂತ ತಡ್ಕೋತಾನೆ?"

ರಘುವಿನ ಸಲಹೆ ಇನ್ನೂ ಚಿಕ್ಕದು. "ಹೋಗಿ ಸಾರಿ ಕೇಳು."

"ಯಾರಿಗೆ? ಅವ್ರಿಗಾ?"

"ಅವ್ರಿಗಲ್ಲ ಕಣೇ. ಚಂದ್ರಂಗೆ."

ನಾನು ಅವನಿಗೆ ಇಪ್ಪತ್ತು ನಿಮಿಷ ವಿಚಾರವಾದದ ಇತಿಹಾಸ ಹೇಳಿದೆ. ಅವನು ಚಿನ್ನುವಿಗೆ ಮುಲಾಮು ಹಚ್ಚುತ್ತ, "ಎಲ್ಲಾ ಸರಿ. ಸೋಮವಾರ ಏಳೂಕಾಲಿಗೆ ಮಗು ಎಲ್ಲಿರುತ್ತೆ?" ಎಂದ. ನೋಟ್ಸ್ ಇಲ್ಲದೆ ಅವನು ನನ್ನನ್ನು ಸೋಲಿಸಿದ್ದು ಅದೇ ಮೊದಲು.

ಶನಿವಾರ ಬೆಳಿಗ್ಗೆ ಬಟ್ಟೆ ಒಗೆಯುವ ಯಂತ್ರಗಳ ಕೋಣೆಯಲ್ಲಿ ಮಿಸೆಸ್ ಲೌ ಅವರ ಮಗಳು ಗ್ರೇಸ್ ಸಿಕ್ಕಿದಳು. ಅವಳೂ ನನ್ನಂತೆಯೇ ಮ್ಯಾನ್‌ಹಟನ್ನಿಗೆ ಕಮ್ಯೂಟ್ ಮಾಡುವವಳು, ವಿಚಾರವಂತೆ, ಚಂದ್ರನ ಬಗ್ಗೆ ಅವಳಿಗೂ ಭಯವಿಲ್ಲ. ನಾನು ಅವಳನ್ನು ನನ್ನ ಪಕ್ಷಕ್ಕೆ ಎಳೆದುಕೊಳ್ಳಲು ನೋಡಿದೆ. "ನಿಮ್ಮ ತಾಯಿ ನನ್ನ ಮೇಲೆ ಕೋಪಿಸಿಕೊಂಡು ಕೆಲಸ ಬಿಡುವುದು ನ್ಯಾಯವಾ?" ಎಂದೆ.

"ಕೋಪ ಅಂದ್ಕೊಂಡ್ರಾ?" ಗ್ರೇಸ್ ಟವಲ್ ಮಡಚುವುದನ್ನು ನಿಲ್ಲಿಸಿದಳು. "ಅಮ್ಮ ಎರಡು ದಿನದಿಂದ ಸರಿಯಾಗಿ ನಿದ್ದೆ ಮಾಡಿಲ್ಲ. ಮಗೂಗೆ ಇನ್ನೇನಾದರೂ ಆದ್ರೆ, ಗೊತ್ತಿದ್ದೂ ತಾನೇ ತಡೀಲಿಲ್ಲ ಅಂತಾಗುತ್ತಲ್ಲ. ಹೇಳಿದೆ, ಕೇಳಲಿಲ್ಲ, ಇನ್ನು ನನ್ನ ಕೈಲಿ ಈ ಮಗು ಕಾಯೋಕಾಗಲ್ಲ ಅಂತಾಳೆ. ಅವಳಿಗೆ ಭಯ."

ವಾದದಲ್ಲಿ ಎದುರಿನವರ ಭಯವನ್ನು ಎಲ್ಲಿ ಹಾಕಬೇಕೆಂದು ನನಗೆ ಗೊತ್ತಿರಲಿಲ್ಲ. ಅದು ತರ್ಕದ ತಪ್ಪೂ ಅಲ್ಲ, ಸಾಕ್ಷ್ಯವೂ ಅಲ್ಲ. ನಾನು ಡಾಕ್ಟರ ಕಾಗದ ಹಿಡಿದು ಸಂಭ್ರಮದಿಂದ ಓದುತ್ತಿದ್ದಾಗ ಆ ಮುದುಕಿ ನನ್ನ ಮಗುವಿನ ಇನ್ನೊಂದು ಕಿವಿಯ ಚಿಂತೆಯಲ್ಲಿದ್ದರು. ಒದ್ದೆ ಬಟ್ಟೆಯನ್ನು ಡ್ರೈಯರಿಗೆ ಹಾಕುವುದನ್ನು ಮರೆತು ಮೇಲೆ ಬಂದೆ.

ಸಂಜೆ ಕಟ್ಟಡದ ಪಾರ್ಕಿಂಗ್ ಗ್ಯಾರೇಜಿನ ತಾರಸಿಯಲ್ಲಿ ಅವರ ಹಬ್ಬ. ನಾಲ್ಕೈದು ಚೀನೀ ಸಂಸಾರಗಳು ಮಡಚುವ ಮೇಜುಗಳನ್ನು ಜೋಡಿಸಿದ್ದವು. ಕಾಗದದ ಲಾಟೀನುಗಳು, ಚಕ್ಕೋತ ಹಣ್ಣು, ಬೇಯಿಸಿದ ಕೆಸುವಿನ ಗಡ್ಡೆ, ಚಹಾ, ಸಣ್ಣ ಹೋಳು ಮಾಡಿದ ಮೂನ್ ಕೇಕು. ಒಂದು ಕಾರಿನ ಬಾನೆಟ್ಟಿನ ಮೇಲೂ ತಟ್ಟೆಗಳಿದ್ದವು. ನಾವು ಹೋಗುವ ಹೊತ್ತಿಗೆ ಚಂದ್ರ ನದಿಯಾಚೆಯ ಕಟ್ಟಡಗಳ ಸಂದಿನಿಂದ, ಯಾರೋ ಹಿಂದಿನಿಂದ ಜಾಕ್ ಹಾಕಿ ಎತ್ತಿದಂತೆ, ನಿಧಾನವಾಗಿ ಮೇಲೆ ಬರುತ್ತಿದ್ದ. ಚಿನ್ನು "ಪೋಪೋ!" ಎಂದು ಕೂಗಿದಳು. ಮಿಸೆಸ್ ಲೌ ತಿರುಗಿದರು, ಮುಖ ಅರಳಿತು, ನನ್ನನ್ನು ನೋಡಿ ಅರ್ಧಕ್ಕೆ ನಿಂತಿತು.

ನಾನು ಭಾಷಣ ತಯಾರು ಮಾಡಿಕೊಂಡಿದ್ದೆ. 'ನಿಮ್ಮ ನಂಬಿಕೆಯನ್ನು ಗೌರವಿಸುತ್ತೇನೆ, ಆದರೆ' ಎಂದು ಅದು ಶುರುವಾಗುತ್ತಿತ್ತು. ಹತ್ತಿರ ಹೋದಾಗ ಅವರ ಕಣ್ಣಿನ ಕೆಳಗಿನ ಕಪ್ಪು ಕಂಡಿತು. "ಹೇಗೆ ಕೇಳಬೇಕು?" ಎಂದಷ್ಟೇ ಅಂದೆ.

ಅವರಿಗೆ ತಕ್ಷಣ ಅರ್ಥವಾಯಿತು. ನನ್ನನ್ನು ತೋಳು ಹಿಡಿದು ಚಂದ್ರನ ಎದುರಿಗೆ, ಸರಿಯಾಗಿ ಅಳತೆ ಮಾಡಿದಂತೆ, ನಿಲ್ಲಿಸಿದರು. "ಕೈ ಮುಗಿ. ಮೂರು ಸಲ ಬಗ್ಗು. ಹೇಳು, ಚಂದ್ರಜ್ಜಿ, ಮಗು ಚಿಕ್ಕದು, ಗೊತ್ತಿಲ್ಲ."

"ನಮ್ಮಲ್ಲಿ ಅವನು ಮಾಮ" ಎಂದೆ. ಇದೊಂದು ಬಾಯಿಂದ ಜಾರಿತು.

"ಇಲ್ಲಿ ಅಜ್ಜಿ. ಬಗ್ಗು."

ಬಗ್ಗಿದೆ. ಮೂರು ಸಲ. ಪಕ್ಕದಲ್ಲಿ ಯಾರೋ ಚಹಾ ಸುರಿಯುತ್ತಿದ್ದರು. ನನ್ನ ಬದುಕಿನಲ್ಲಿ ಮೊದಲ ಸಲ ಆಕಾಶದ ವಸ್ತುವೊಂದಕ್ಕೆ ಕನ್ನಡದಲ್ಲಿ "ಮಗು ಚಿಕ್ಕದು, ಗೊತ್ತಾಗ್ಲಿಲ್ಲ, ತಪ್ಪಾಯ್ತು" ಎಂದೆ. ಎಷ್ಟಾದರೂ ಮೈಸೂರಿನ ಕೈಗಳು, ಅವು ನನ್ನನ್ನು ಕೇಳದೆ ಕೆನ್ನೆಗೆ ಎರಡು ಸಲ ತಟ್ಟಿಕೊಂಡವು. ಅದು ಅವರ ಪದ್ಧತಿಯಲ್ಲಿರಲಿಲ್ಲ. ಮಿಸೆಸ್ ಲೌ ಕುತೂಹಲದಿಂದ ನೋಡಿ, ಹೆಚ್ಚುವರಿ ದಂಡವೆಂದು ಭಾವಿಸಿದರೋ ಏನೋ, ತೃಪ್ತಿಯಿಂದ ತಲೆಯಾಡಿಸಿದರು. ಆಮೇಲೆ ಅವರು ಚಿನ್ನುವನ್ನು ಎತ್ತಿಕೊಂಡು ಕಿವಿಯನ್ನು ಮಡಚಿ ಲಾಟೀನಿನ ಬೆಳಕಿನಲ್ಲಿ ನೋಡಿದರು. ಎರಡು ದಿನದ ಮುಲಾಮಿನಿಂದ ಸೀಳು ಒಣಗಿ ಮುಚ್ಚುತ್ತ ಬಂದಿತ್ತು.

"ನೋಡು" ಎಂದರು ನನಗೆ. "ಸಾರಿ ಕೇಳಿದೆ, ವಾಸಿ ಆಯ್ತು."

ನಾನು ಬಾಯಿ ತೆರೆದೆ. ಮುಲಾಮು ಹಚ್ಚಲು ಶುರು ಮಾಡಿದ್ದು ಗುರುವಾರ, ಸಾರಿ ಕೇಳಿದ್ದು ಈಗ ಎರಡು ನಿಮಿಷದ ಕೆಳಗೆ. ಯಾವ ಸ್ಪರ್ಧೆಯಲ್ಲಾದರೂ ಇದೊಂದೇ ಸಾಲಿಗೆ ಚಪ್ಪಾಳೆ ಬೀಳುತ್ತಿತ್ತು. ರಘು ನನ್ನ ಕಾಲನ್ನು ಶೂವಿನಿಂದ ಮೆಲ್ಲಗೆ ಒತ್ತಿದ. "ಹೌದು, ವಾಸಿ ಆಯ್ತು" ಎಂದೆ.

"ಸೋಮವಾರ ಏಳೂಕಾಲು" ಎಂದರು ಮಿಸೆಸ್ ಲೌ. "ಮುಲಾಮು ತಗೊಂಡು ಬಾ."

ಲಿಫ್ಟಿನಲ್ಲಿ ಮೇಲೆ ಬರುವಾಗ ನಾನು ರಘುವಿಗೆ ವಿವರಿಸಿದೆ: ಇದು ಸೋಲಲ್ಲ, ನಂಬಿಕೆಯ ಪ್ರಶ್ನೆಯೇ ಅಲ್ಲ, ಒಬ್ಬ ಹಿರಿಯರ ನೆಮ್ಮದಿಗಾಗಿ ಮಾಡಿದ ಸಾಮಾಜಿಕ ಹೊಂದಾಣಿಕೆ, ನನ್ನ ನಿಲುವು ಕೂದಲೆಳೆಯಷ್ಟೂ ಕದಲಿಲ್ಲ. ಅವನು "ಹೂಂ, ಹೂಂ" ಎನ್ನುತ್ತಿದ್ದ. ಹದಿನಾಲ್ಕನೆಯ ಮಹಡಿಯಲ್ಲಿ ಲಿಫ್ಟಿನ ಬಾಗಿಲು ತೆರೆಯಿತು. ಎದುರಿನ ದೊಡ್ಡ ಗಾಜಿನ ತುಂಬ ಚಂದ್ರ. ಅಪ್ಪನ ಹೆಗಲ ಮೇಲಿದ್ದ ಚಿನ್ನು ಸಂತೋಷದಿಂದ ಕಿರುಚಿ ಬೆರಳು ಚಾಚಿದಳು. ಆ ಬೆರಳು ಪೂರ್ತಿ ನೆಟ್ಟಗಾಗುವ ಮೊದಲೇ ನಾನು ಹಾರಿ ಅದನ್ನು ಮುಷ್ಟಿಯಲ್ಲಿ ಮುಚ್ಚಿದ್ದೆ.

ರಘು ಕಾರಿಡಾರಿನ ಎರಡೂ ತುದಿಗಳನ್ನು ನೋಡಿದ. ಯಾರೂ ಇರಲಿಲ್ಲ.

"ಪೋಪೋ ಇಲ್ಲಿಲ್ವಲ್ಲೇ" ಎಂದ.

"ಬೆರಳು ತಗುಲಿದ್ರೆ ಗಾಜು ಕೊಳೆಯಾಗುತ್ತೆ" ಎಂದು ನಾನು ಬೀಗದ ಕೈ ಹುಡುಕತೊಡಗಿದೆ.